ಸಿಸ್ಯಾಟ್‌ನಲ್ಲೇ ಮತ್ತೆ ಹೋಯ್ತು, ಪುಸ್ತಕ ಮುಟ್ಟೋಕೆ ಮನಸ್ಸಿಲ್ಲ

ಹಾವೇರಿ_ಹುಡುಗಿ: ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿದ್ದು ಯುಪಿಎಸ್‌ಸಿಗೆ ಓದ್ತಿದೀನಿ. ಮೊದಲ ಹಂತದ ಪ್ರಿಲಿಮ್ಸ್‌ನಲ್ಲಿ ಜಿಎಸ್, ಅಂದ್ರೆ ಸಾಮಾನ್ಯ ಅಧ್ಯಯನದ ಪೇಪರ್, ಚೆನ್ನಾಗೇ ಆಗಿತ್ತು. ಲೆಕ್ಕ, ತರ್ಕ ಎಲ್ಲ ಬರೋ ಎರಡನೇ ಪೇಪರ್ ಸಿಸ್ಯಾಟ್‌ಗೆ ಉತ್ತರದ ಕೀ ಹಾಕಿ ನೋಡಿದ್ರೆ 200ಕ್ಕೆ 60ರ ಆಸುಪಾಸು. ಅದರಲ್ಲಿ ಪಾಸಾಗೋಕೆ ಬೇಕಾದ 66 ಬರದಿದ್ರೆ ಜಿಎಸ್ ಅಂಕ ಲೆಕ್ಕಕ್ಕೇ ಇಲ್ಲ. ಅವ್ವ ಫೋನ್ ಮಾಡಿ "ಊಟ ಆತೇನು" ಅಂತಾಳೆ, ರಿಸಲ್ಟ್ ಸುದ್ದಿನೇ ಎತ್ತಲ್ಲ. ಅದೇ ಇನ್ನೂ ಸಂಕಟ. ಮತ್ತೆ ಓದೋಕೆ ಕೂರೋದು ಹೇಗೆ?

ಹಳೇ_ಆಸ್ಪಿರಂಟ್: ಮನಸ್ಸು ಬರ್ಲಿ ಅಂತ ಕಾಯ್ಬೇಡ ತಂಗಿ, ಅದು ಬರಲ್ಲ. ನಾನೂ ಆರ್ಟ್ಸ್‌ನವನೇ, ಲೆಕ್ಕ ಅಂದ್ರೆ ಜ್ವರ. ಸಿಸ್ಯಾಟ್‌ನಲ್ಲಿ 80 ಪ್ರಶ್ನೆ, ಒಂದಕ್ಕೆ ಎರಡೂವರೆ ಅಂಕ. 27 ಸರಿ ಮಾಡಿ ಉಳಿದಿದ್ದು ಬಿಟ್ರೂ 67.5. ಒಂದು ತಪ್ಪಿಗೆ 0.83 ಹೋಗುತ್ತೆ, ಅದಕ್ಕೇ ಸುಮ್ನೆ ಟಿಕ್ ಹಾಕ್ಬೇಡ. ಹಳೇ ಪೇಪರ್ ಇಟ್ಕೊಂಡು ಯಾವ ಪ್ರಶ್ನೆ ಬಿಡ್ಬೇಕು ಅನ್ನೋದನ್ನ ಮೊದಲು ಕಲಿ. ಕೋಚಿಂಗ್‌ನವರು ಇದನ್ನ ಹೇಳೋದು ಕಮ್ಮಿ.

ರಾತ್ರಿ_ಲೈಬ್ರರಿ: ಒಂದು ವಾರ ಊರಿಗೆ ಹೋಗ್ಬನ್ನಿ. ಜನರಲ್ ಕೆಟಗರಿ ಆದ್ರೆ 6 ಅಟೆಂಪ್ಟ್, 32 ವರ್ಷದವರೆಗೆ ಮಾತ್ರ, ಅದನ್ನೂ ನೋಡ್ಕೊಳ್ಳಿ. ಜೊತೆಗೆ ರಾಜ್ಯದ ಕೆಎಎಸ್ ಪರೀಕ್ಷೆಗೂ ಅರ್ಜಿ ಹಾಕಿಡಿ.

ಹಾವೇರಿ_ಹುಡುಗಿ: ಊರಿಗೆ ಹೋದ್ರೆ ಗಂಡು ತೋರಿಸ್ತಾರೆ ಸರ್! ಅಣ್ಣ, ಆ 27ರ ಲೆಕ್ಕ ಯಾರೂ ಹೇಳಿರ್ಲಿಲ್ಲ. ನಾಳೆ ಎರಡು ಗಂಟೆ ಟೈಮರ್ ಇಟ್ಟು 2022ರ ಪೇಪರ್ ಮಾಡಿ ಇಲ್ಲೇ ಅಂಕ ಹಾಕ್ತೀನಿ.