ಹಳೇ ಚರ್ಚ್‌ನ ಚಾವಣಿ ರಿಪೇರಿಗೆ ಸಹಾಯಧನ ಎಲ್ಲಿ ಕೇಳಬೇಕು?

ಬಂಗಾರಪೇಟೆ ಖಜಾಂಚಿ:
ಎಲ್ಲರಿಗೂ ವಂದನೆಗಳು. ನಮ್ಮದು ಬಂಗಾರಪೇಟೆ ಹತ್ತಿರದ ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಒಂದೇ ಚರ್ಚ್‌ಗೆ ಸೇರಿದ ಕುಟುಂಬಗಳು. ನಲವತ್ತು ಮನೆ ಇರಬಹುದು. ಹಿಂದೆ ಬಹಳ ಮನೆಗಳಿಗೆ ಕೆಜಿಎಫ್ ಗಣಿಯ ಸಂಬಳ ಬರುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು. ಈಗ ಹೆಚ್ಚಿನವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಭಾನುವಾರದ ಕಾಣಿಕೆ ಕರೆಂಟ್ ಬಿಲ್ಲಿಗೆ, ಡಯಾಸಿಸ್‌ಗೆ (ಬಿಷಪ್ ನೋಡಿಕೊಳ್ಳುವ ಧರ್ಮಪ್ರಾಂತ್ಯಕ್ಕೆ) ಕಟ್ಟುವ ಪಾಲಿಗೆ ಸರಿಹೋಗುತ್ತದೆ.

ಚರ್ಚ್ ಹೆಂಚಿನದು. ತೊಲೆಗಳಿಗೆ ಗೆದ್ದಲು ಹಿಡಿದಿದೆ, ನೀರು ಇಳಿದು ಗೋಡೆಯ ಗಾರೆ ಉದುರುತ್ತಿದೆ. ಮೇಸ್ತ್ರಿ ಎಂಟು ಲಕ್ಷ ಆಗುತ್ತದೆ ಅಂದರು. ಈ ನಡುವೆ ಯಾರೋ ವಾಟ್ಸಾಪ್‌ನಲ್ಲಿ, ಹೊರದೇಶದ ಟ್ರಸ್ಟ್‌ನಿಂದ 25 ಲಕ್ಷ ಕೊಡಿಸುತ್ತೇವೆ, ಮೊದಲು 18 ಸಾವಿರ ಫೀಸು ಕಟ್ಟಿ ಅನ್ನುತ್ತಿದ್ದಾರೆ. ಕಮಿಟಿಯಲ್ಲಿ ಕೆಲವರಿಗೆ ಆಸೆ ಹುಟ್ಟಿದೆ. ಕಟ್ಟಬಹುದಾ? ಸರ್ಕಾರದಿಂದ ಏನಾದರೂ ಸಿಗುತ್ತದಾ?

ಲೆಕ್ಕದ ಅಕ್ಕ, ತುಮಕೂರು:
ಬ್ರದರ್, ದಯವಿಟ್ಟು ಆ ಹದಿನೆಂಟು ಸಾವಿರ ಕಟ್ಟಬೇಡಿ. ಅದು ಬಡವರು ಹಾಕಿದ ಕಾಣಿಕೆ. ನಿಜವಾಗಿ ಕೊಡುವವರು ಮೊದಲು ನಿಮ್ಮ ಹತ್ತಿರ ಹಣ ಕೇಳುವುದಿಲ್ಲ.

ಆ ಟ್ರಸ್ಟ್ ನಿಜವೇ ಆಗಿದ್ದರೂ ನಿಮ್ಮ ಸಭೆಯ ಖಾತೆಗೆ ನೇರವಾಗಿ ಹಣ ಹಾಕುವ ಹಾಗಿಲ್ಲ. ಹೊರದೇಶದ ದೇಣಿಗೆ ಪಡೆಯಲು 2010ರ ಎಫ್‌ಸಿಆರ್‌ಎ ಕಾಯ್ದೆ ಪ್ರಕಾರ ಗೃಹ ಸಚಿವಾಲಯದ ನೋಂದಣಿ ಇಲ್ಲವೇ ಮೊದಲೇ ಪಡೆದ ಅನುಮತಿ ಬೇಕು. 2020ರ ತಿದ್ದುಪಡಿ ಆದ ಮೇಲೆ ಹಣ ಬಂದು ಬೀಳಬೇಕಾದ್ದು ಎಸ್‌ಬಿಐನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ. ನೋಂದಣಿ ಇರುವ ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದಕ್ಕೂ ಈಗ ಅವಕಾಶವಿಲ್ಲ. ಆಸೆಗೆ ಬಿದ್ದು ಯಾರದೋ ಖಾತೆಯಲ್ಲಿ ತರಿಸಿಕೊಂಡರೆ ಕೇಸು ಕಮಿಟಿಯವರ ತಲೆಗೇ ಬರುತ್ತದೆ.

ಆದರೆ ಒಂದು ಬಾಗಿಲು ತೆರೆದಿದೆ. ನಿಮ್ಮ ಸಭೆಯಲ್ಲಿ ಹುಟ್ಟಿ ಬೆಳೆದು ದುಬೈ, ಕುವೈತ್ ಕಡೆ ದುಡಿಯುತ್ತಿರುವ ಮಕ್ಕಳಿದ್ದಾರಲ್ವಾ? ಅವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ತಗೊಂಡವರ ಹಣ ಮಾತ್ರ ಮುಟ್ಟಬೇಡಿ, ಅವರು ನಿಮ್ಮ ಅಣ್ಣನ ಮಗನೇ ಆಗಿರಲಿ.

ಇನ್ನು ಸರ್ಕಾರದ ಮಾತು. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ಕ್ರೈಸ್ತ ಸಮುದಾಯದ ಅಭಿವೃದ್ಧಿ ಬಾಬ್ತಿನಲ್ಲಿ ಚರ್ಚ್ ದುರಸ್ತಿ, ಸಮುದಾಯ ಭವನ, ಸ್ಮಶಾನದ ಕಾಂಪೌಂಡ್‌ಗೆ ಅನುದಾನ ಕೊಟ್ಟಿದ್ದಾರೆ. ಕೋಲಾರದಲ್ಲಿರುವ ಜಿಲ್ಲಾ ಅಧಿಕಾರಿಯ ಕಚೇರಿಗೆ ಹೋಗಿ, ಈ ವರ್ಷ ಅರ್ಜಿ ಕರೆದಿದ್ದಾರಾ ಕೇಳಿ. ಮೇಸ್ತ್ರಿ ಹೇಳಿದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಪಿಡಬ್ಲ್ಯೂಡಿ ಇಲ್ಲವೇ ನಿರ್ಮಿತಿ ಕೇಂದ್ರದ ಎಂಜಿನಿಯರ್ ಹತ್ತಿರ ಎಸ್ಟಿಮೇಟ್ ಮಾಡಿಸಿ. ಫೋಟೋ, ಕಮಿಟಿ ಠರಾವು, ಆಡಿಟ್ ಆದ ಲೆಕ್ಕ, ಜಾಗದ ಪತ್ರ ಸಿದ್ಧ ಇಟ್ಟುಕೊಳ್ಳಿ. ಶಾಸಕರ ಶಿಫಾರಸು ಪತ್ರ ಇದ್ದರೆ ಒಳ್ಳೆಯದು. ಸಂಸದರ ನಿಧಿ ಕೇಳಲು ಹೋಗಬೇಡಿ, ಪೂಜಾಸ್ಥಳದೊಳಗಿನ ಕೆಲಸಕ್ಕೆ ಅದನ್ನು ಬಳಸುವ ಹಾಗಿಲ್ಲ.

ಗೌರಿಬಿದನೂರಿನವ:
ಅಕ್ಕ ಹೇಳಿದ್ದು ಸರಿ. ನರಸಾಪುರ, ವೇಮಗಲ್ ಕಡೆ ಇಷ್ಟೊಂದು ಕಾರ್ಖಾನೆ ಇವೆ, ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣ) ಕೇಳೋಣ ಅನ್ನಿಸಬಹುದು. ಚರ್ಚ್ ಚಾವಣಿಗೆ ಅದು ಬರುವುದಿಲ್ಲ. 2013ರ ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲ್‌ನಲ್ಲಿ, ಅಂದರೆ ಆ ಹಣ ಯಾವ ಕೆಲಸಕ್ಕೆ ಅನ್ನುವ ಪಟ್ಟಿಯಲ್ಲಿ, ಪೂಜಾಸ್ಥಳದ ಬಾಬ್ತೇ ಇಲ್ಲ. ಊರಿನ ಎಲ್ಲಾ ಮಕ್ಕಳಿಗೂ ಸಂಜೆ ಪಾಠ, ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ ಅಂತಿದ್ದರೆ ಅದಕ್ಕೆ ಕೇಳಬಹುದು.

ಅನುದಾನಕ್ಕೆ ಕಾಯುತ್ತಾ ಕೂತರೆ ತೊಲೆ ಕಾಯುವುದಿಲ್ಲ ಅಣ್ಣ. ಹೆಂಚು ಇಳಿಸಿ, ಚೆನ್ನಾಗಿರುವುದನ್ನು ಎತ್ತಿಡಿ, ಪೂರ್ತಿ ಹಾಳಾದ ತೊಲೆ ಮಾತ್ರ ಮೊದಲು ಬದಲಿಸಿ. ಸುಗ್ಗಿ ಹಬ್ಬದ ಹರಾಜನ್ನು ಈ ಸಲ ಚಾವಣಿ ಹೆಸರಲ್ಲೇ ಮಾಡಿ. ಕೋಳಿ, ಕುಂಬಳಕಾಯಿ, ಮೂಟೆ ರಾಗಿ, ಏನು ಬಂದರೂ ಕೂಗಿ. ನಮ್ಮಲ್ಲಿ ಬೇರೆ ಧರ್ಮದ ನೆರೆಯವರೂ ಬಂದು ಜಾಸ್ತಿ ಬೆಲೆಗೆ ಕೂಗಿ ಕೊಂಡರು.

ಬಂಗಾರಪೇಟೆ ಖಜಾಂಚಿ:
ಫೀಸು ಕಟ್ಟುವುದಿಲ್ಲ ಅಂತ ಅಯ್ಯನವರಿಗೆ (ನಮ್ಮ ಪಾಸ್ಟರ್‌ಗೆ) ಹೇಳಿಬಿಟ್ಟೆ. ಇನ್ನೊಂದು ತೊಡಕಿದೆ. ಜಾಗದ ಪತ್ರ ನಮ್ಮ ಸಭೆಯ ಹೆಸರಲ್ಲಿ ಇಲ್ಲ. ಅರ್ಜಿ ಹಾಕಬಹುದಾ?

ಲೆಕ್ಕದ ಅಕ್ಕ, ತುಮಕೂರು:
ಗಾಬರಿ ಬೇಡ. ಸಿಎಸ್‌ಐ ಆಸ್ತಿ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲೇ ಇರುತ್ತದೆ. ಹಳೇ ಮಿಷನ್ ಹೆಸರಲ್ಲೇ ಉಳಿದಿದ್ದರೂ ಇರಬಹುದು. ಅಯ್ಯನವರನ್ನು ಕರೆದುಕೊಂಡು ಬೆಂಗಳೂರಿನ ಡಯಾಸಿಸ್ ಕಚೇರಿಗೆ ಹೋಗಿ. ಪತ್ರದ ನಕಲು, ರಿಪೇರಿಗೆ ಒಪ್ಪಿಗೆ, ಅರ್ಜಿಗೆ ಸಹಿ ಮಾಡುವ ಅಧಿಕಾರ, ಮೂರನ್ನೂ ಬರವಣಿಗೆಯಲ್ಲಿ ತಗೊಳ್ಳಿ. ಹಣ ಯಾವ ಖಾತೆಗೆ ಬರಬೇಕು ಅನ್ನುವುದನ್ನೂ ಅಲ್ಲೇ ತೀರ್ಮಾನ ಮಾಡಿಸಿ. ಚಾವಣಿ ಕೆಲಸಕ್ಕೆ ಬೇರೆಯೇ ಪುಸ್ತಕ ಇಡಿ, ಮೊಳೆ ತಂದ ಬಿಲ್ಲೂ ಬಿಡಬೇಡಿ. ಹಣ ಕಂತಿನಲ್ಲಿ ಬಂದರೆ, ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಕೊಡದೆ ಎರಡನೆಯದು ಬಿಡುಗಡೆ ಆಗುವುದು ಕಷ್ಟ.