ಕರಡಿಗೆ ಜನ ಬರೆದ ಆಕ್ಷೇಪಣೆ ಯಾರು ಓದುತ್ತಾರೆ? ಬೇರೆ ದೇಶಗಳಲ್ಲಿ ಹೇಗೆ?

ಶರಾವತಿ_ದಡ:
ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಈ ಸಲ ಬೇರೆ ಬೇರೆ ದೇಶಗಳು ನೀತಿ ರೂಪಿಸುವ ಬಗೆಯನ್ನು ಹೋಲಿಸುವ ಪತ್ರಿಕೆ ನನ್ನ ಪಾಲಿಗೆ ಬಂದಿದೆ. ಪಠ್ಯದಲ್ಲಿ ಇರುವುದು ಅಮೆರಿಕದ ಅಧ್ಯಕ್ಷ, ಬ್ರಿಟನ್ ಪ್ರಧಾನಿ, ಇಬ್ಬರಿಗೂ ಇರುವ ವ್ಯತ್ಯಾಸ. ಅದನ್ನು ಓದಿ ಹುಡುಗರು ಆಕಳಿಸುತ್ತಾರೆ, ನಾನೂ ಆಕಳಿಸುತ್ತೇನೆ.

ಹಾಗಾಗಿ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಬಗ್ಗೆ ಕೇಂದ್ರ ಸರ್ಕಾರ ತಂದ 2020ರ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆ ಹಿಡಿದು ಶುರು ಮಾಡಿದೆ. ಕರಡು ಬಂದದ್ದು ಇಂಗ್ಲಿಷ್, ಹಿಂದಿಯಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ಆ ಜೂನ್ 30ರಂದು ದೆಹಲಿ ಹೈಕೋರ್ಟ್ ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಕೂಡ ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಕೊಟ್ಟಿತು. ದೇಶದ ಎಲ್ಲ ಕಡೆಯಿಂದ ಲಕ್ಷಗಟ್ಟಲೆ ಪತ್ರ ಹೋದವು. ಇಷ್ಟು ಹೇಳಿದ ಮೇಲೆ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಅವನ್ನೆಲ್ಲ ಯಾರಾದ್ರೂ ಓದ್ತಾರಾ?"

ಇದಕ್ಕೆ ಬೇರೆ ದೇಶಗಳಲ್ಲಿ ಏನು ವ್ಯವಸ್ಥೆ ಇದೆ? ಅಲ್ಲಿ ಇರುವವರು ಹೇಳಿದರೆ ಉಪಕಾರ. ವಿಕಿಪೀಡಿಯಾ ಓದಿಯಾಗಿದೆ.

ಗೋಥೆನ್‌ಬರ್ಗ್_ಕನ್ನಡತಿ:
ನಮಸ್ಕಾರ ಸರ್. ನಾನು ಸ್ವೀಡನ್‌ನ ಒಂದು ಪುರಸಭೆಯಲ್ಲಿ, ರಸ್ತೆ ಸಂಚಾರದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಮಸೂದೆ ಬರೆಯುವುದಕ್ಕೆ ಮೊದಲೇ ಕೇಳುವ ಕೆಲಸ ಶುರುವಾಗುತ್ತದೆ. ದೊಡ್ಡ ವಿಷಯವಾದರೆ ಸರ್ಕಾರ ಒಬ್ಬ ತನಿಖಾಧಿಕಾರಿಯನ್ನೋ ಸಮಿತಿಯನ್ನೋ ನೇಮಿಸುತ್ತದೆ. ಅವರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂತು ವರದಿ ಬರೆಯುತ್ತಾರೆ. ಎಸ್‌ಒಯು ಎಂಬ ಸರಣಿಯಲ್ಲಿ ಅದು ಪ್ರಕಟವಾಗುತ್ತದೆ. 1922ರಿಂದ ಈ ಸರಣಿ ನಡೆದು ಬಂದಿದೆ.

ಆಮೇಲೆ ರೆಮಿಸ್, ಅಂದರೆ ವರದಿ ಕಳಿಸಿ ಅಭಿಪ್ರಾಯ ಕೇಳುವ ಹಂತ. ಸರ್ಕಾರಿ ಇಲಾಖೆಗಳು, ಪುರಸಭೆಗಳು, ವಿಶ್ವವಿದ್ಯಾಲಯಗಳು, ಕಾರ್ಮಿಕ ಸಂಘಗಳು, ಹೀಗೆ ಒಂದು ಉದ್ದ ಪಟ್ಟಿಗೆ ವರದಿ ಹೋಗುತ್ತದೆ. ಸಾಮಾನ್ಯವಾಗಿ ಮೂರು ತಿಂಗಳು ಸಮಯ. ಸರ್ಕಾರಿ ಇಲಾಖೆಗಳು ಉತ್ತರ ಕೊಡಲೇಬೇಕು. ನಮ್ಮಂಥ ಪುರಸಭೆಗಳಿಗೆ ಆ ಕಡ್ಡಾಯ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಯಾರು ಬೇಕಾದರೂ ಬರೆಯಬಹುದು. ಸುಮ್ನೆ ದೊಡ್ಡದಾಗಿ ಹೇಳಲ್ಲ, ನಮ್ಮ ವಿಭಾಗದಿಂದ ಎಷ್ಟೋ ಸಲ "ಆಕ್ಷೇಪಣೆ ಇಲ್ಲ" ಎಂಬ ಒಂದು ಸಾಲು ಹೋಗುತ್ತದೆ, ಅಷ್ಟೇ.

ನಿಮ್ಮ ವಿದ್ಯಾರ್ಥಿನಿಗೆ ಬೇಕಾದದ್ದು ಮುಂದಿನ ಹಂತ. ಸಂಸತ್ತಿಗೆ ಮಸೂದೆ ಹೋಗುವಾಗ ಅದರ ಜೊತೆಗಿರುವ ದಾಖಲೆಯಲ್ಲಿ ಯಾವ ಸಂಸ್ಥೆ ಒಪ್ಪಿತು, ಯಾವುದು ವಿರೋಧಿಸಿತು, ಸರ್ಕಾರ ಯಾಕೆ ಒಪ್ಪಿಲ್ಲ ಎಂದು ಬರೆದಿರುತ್ತಾರೆ. ಸರ್ಕಾರಿ ಕಡತ ಜನ ನೋಡಬಹುದು ಎಂಬ ಕಾನೂನು ಇಲ್ಲಿ ಬಂದದ್ದು 1766ರಲ್ಲಿ. ಹಾಗಾಗಿ ಮೂಲ ಪತ್ರವನ್ನೂ ತೆಗೆಸಿ ತಾಳೆ ನೋಡಬಹುದು.

ಇದನ್ನು ಕೇಳಿ ಸ್ವರ್ಗ ಅಂದುಕೊಳ್ಳಬೇಡಿ. ಉತ್ತರಕ್ಕೆ ಕೊಡುವ ಸಮಯ ತೀರಾ ಕಡಿಮೆಯಾಗುತ್ತಿದೆ ಎಂಬ ದೂರು ಈಚೆಗೆ ಜಾಸ್ತಿ ಕೇಳುತ್ತಿದೆ. ಇನ್ನು ನಮ್ಮ ವಿಭಾಗದ್ದೇ ಹಳೇ ಕಥೆ: ಸ್ವೀಡನ್‌ನಲ್ಲಿ ಮೊದಲು ನಮ್ಮೂರಿನ ಹಾಗೆ ಎಡಕ್ಕೇ ಓಡಿಸುತ್ತಿದ್ದರು. ಬಲಕ್ಕೆ ಹೋಗೋಣವಾ ಎಂದು 1955ರಲ್ಲಿ ಜನಮತ ಕೇಳಿದರು. ಸುಮಾರು 83% ಜನ ಬೇಡ ಅಂದರು. ಆದರೆ ಇಲ್ಲಿನ ಜನಮತ ಬರೀ ಸಲಹೆ. ಪಕ್ಕದ ನಾರ್ವೆ, ಫಿನ್‌ಲೆಂಡ್‌ನಲ್ಲಿ ಬಲಗಡೆ ಸಂಚಾರ, ಇಲ್ಲಿನ ಹೆಚ್ಚಿನ ಕಾರುಗಳ ಸ್ಟಿಯರಿಂಗೂ ಎಡಕ್ಕೇ ಇತ್ತು. 1963ರಲ್ಲಿ ಸಂಸತ್ತು ಬದಲಾವಣೆಗೆ ಒಪ್ಪಿತು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ 5 ಗಂಟೆಗೆ ಇಡೀ ದೇಶ ಬಲಕ್ಕೆ ಹೋಯಿತು. ಜನರನ್ನು ಕೇಳಿದ್ದೂ ನಿಜ, ಕೇಳಿಸಿಕೊಳ್ಳದೆ ಹೋದದ್ದೂ ನಿಜ!

ಬಾಸೆಲ್_ಭಟ್ಟ:
ಸ್ವಿಟ್ಜರ್ಲೆಂಡ್‌ನಲ್ಲಿ ಆ ಆಟ ನಡೆಯಲ್ಲ. ಸಂಸತ್ತು ಮಾಡಿದ ಕಾನೂನಿನ ವಿರುದ್ಧ 100 ದಿನದಲ್ಲಿ 50,000 ಸಹಿ ಸಿಕ್ಕರೆ ಅದು ಜನರ ಮತಕ್ಕೆ ಹೋಗುತ್ತದೆ. ಬಿದ್ದರೆ ಬಿತ್ತು. ಈ ಹೆದರಿಕೆಗೇ ಸರ್ಕಾರ ಮೊದಲೇ ಎಲ್ಲರನ್ನೂ ಕೇಳಿಕೊಂಡು ಬರುತ್ತದೆ, ಒಳ್ಳೆಯತನದಿಂದ ಅಲ್ಲ. 2012ರಲ್ಲಿ ವರ್ಷಕ್ಕೆ ಆರು ವಾರ ರಜೆ ಬೇಕಾ ಎಂಬ ಪ್ರಸ್ತಾವಕ್ಕೆ ಇಲ್ಲಿನ ಜನರೇ ಬೇಡ ಅಂದರು. ಕೇಳಿದಾಗ ನನಗೆ ಹೊಟ್ಟೆ ಉರಿಯಿತು.

ಇನ್ನೊಂದು ಮಗ್ಗುಲೂ ಪಾಠದಲ್ಲಿ ಇರಲಿ. ದೇಶದ ಮಟ್ಟದಲ್ಲಿ ಹೆಂಗಸರಿಗೆ ಮತ ಸಿಕ್ಕಿದ್ದು 1971ರಲ್ಲಿ. 1959ರಲ್ಲಿ ಬರೀ ಗಂಡಸರ ಮತ ತೆಗೆದುಕೊಂಡು ಬೇಡ ಎಂದಿದ್ದರು.

ಹುಬ್ಬಳ್ಳಿ_ವರ್ಕ್‌ಶಾಪ್:
ಅಲ್ರೀ ಸರ, ಪರದೇಶಕ್ಕ ಯಾಕ ಹೋಗ್ತೀರಿ? ಕರೆಂಟ್ ದರ ಏರಿಸುವ ಮೊದಲು ನಮ್ಮ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಮಾಡುವ ಬಹಿರಂಗ ವಿಚಾರಣೆ ತೋರಿಸಿ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಜನರ ಆಕ್ಷೇಪಣೆ ಪರಿಶೀಲಿಸದೆ ದರ ಆದೇಶ ಹೊರಡಿಸುವ ಹಾಗಿಲ್ಲ. ನಾನೂ ಹೋಗಿ ಫಿಕ್ಸೆಡ್ ಚಾರ್ಜ್ ಬಗ್ಗೆ ಮಾತಾಡಿದ್ದೇನೆ. ದರವೇನೂ ಇಳಿಯಲಿಲ್ಲ. ಆದರೆ ಆದೇಶದಲ್ಲಿ ನಮ್ಮ ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಇದ್ದವು. ಓದಿದ್ದಾರೆ ಅನ್ನುವುದಕ್ಕೆ ಅಷ್ಟು ಸಾಕಲ್ಲ?

ಶರಾವತಿ_ದಡ:
ಹುಬ್ಬಳ್ಳಿಯವರೇ, ಇದು ಹೊಳೆದೇ ಇರಲಿಲ್ಲ, ನಾಳೆಯೇ ಆದೇಶ ಹುಡುಕುತ್ತೇನೆ. ಕೇಂದ್ರದ ಮಸೂದೆಗಳಿಗೂ 2014ರ ಒಂದು ನೀತಿ ಇದೆ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಿ, ಬಂದ ಅಭಿಪ್ರಾಯಗಳ ಸಾರಾಂಶ ವೆಬ್‌ಸೈಟಿನಲ್ಲಿ ಹಾಕಿ ಎನ್ನುತ್ತದೆ. ಆದರೆ ಅದು ಕಾನೂನಲ್ಲ. ವಿದ್ಯುತ್ ದರಕ್ಕೆ ಇರುವ ಕಟ್ಟುನಿಟ್ಟು ಮಸೂದೆಗೆ ಇಲ್ಲ, ವಿಚಿತ್ರ ಅಲ್ವಾ? ದೇಶ ದೇಶ ಹೋಲಿಸುವ ಬದಲು ಇವೆರಡನ್ನೂ ಸ್ವೀಡನ್ ಪಕ್ಕ ಇಟ್ಟು ನೋಡುವುದೇ ಸರಿ ಅನ್ನಿಸುತ್ತಿದೆ.

ಗೋಥೆನ್‌ಬರ್ಗ್ ಮೇಡಂ, ಒಂದು ರೆಮಿಸ್ ಉತ್ತರ ತರಗತಿಯಲ್ಲಿ ಓದಿಸಬಹುದಾ?

ಗೋಥೆನ್‌ಬರ್ಗ್_ಕನ್ನಡತಿ:
ಧಾರಾಳವಾಗಿ. ಎಸ್‌ಒಯು ವರದಿಗಳಲ್ಲಿ ಹೆಚ್ಚಿನವಕ್ಕೆ ಇಂಗ್ಲಿಷ್ ಸಾರಾಂಶ ಇರುತ್ತದೆ, ಉತ್ತರಗಳು ಮಾತ್ರ ಸ್ವೀಡಿಷ್‌ನಲ್ಲೇ. ಯಾವ ವಿಷಯದ್ದು ಬೇಕು ಎಂದು ವಿದ್ಯಾರ್ಥಿಗಳೇ ಆರಿಸಲಿ, ನಾನು ಕನ್ನಡಕ್ಕೆ ಮಾಡಿಕೊಡುತ್ತೇನೆ. ಎರಡು ಪುಟ ಮೀರದಿರಲಿ ಸರ್, ಮನೆಯಲ್ಲಿ ಚಿಕ್ಕ ಮಗು ಇದೆ.