ಪ್ಯಾರಿಸ್‌ನಲ್ಲಿ ಟೆರೇಸ್ ಇರೋ ಡಿಸೈನ್ ಹಾಸ್ಟೆಲ್: ಬುಕ್ ಮಾಡೋ ಮುಂಚೆ ಏನು ನೋಡಬೇಕು?

ಹೇಮಾವತಿ_ದಂಡೆ

ಸೆಪ್ಟೆಂಬರ್ ಮೂರನೇ ವಾರಾಂತ್ಯಕ್ಕೆ ಸ್ಟುಟ್‌ಗಾರ್ಟ್‌ನಿಂದ ಪ್ಯಾರಿಸ್‌ಗೆ ಇಬ್ಬರು ಗೆಳತಿಯರು, ಮೂರು ರಾತ್ರಿ. ಟ್ರೈನು ಗಾರ್ ದ ಲೆಸ್ಟ್ ನಿಲ್ದಾಣಕ್ಕೆ ಬರುತ್ತೆ. ಪ್ಲಾಸ್ ದ್ಯು ಕೊಲೊನೆಲ್ ಫಾಬಿಯಾಂ ಸರ್ಕಲ್‌ನಲ್ಲಿರೋ ‘ಜನರೇಟರ್’ ಅನ್ನೋ ಹೆಸರಿನ ಪ್ರವಾಸಿ ಹಾಸ್ಟೆಲ್ ಕಣ್ಣಿಗೆ ಬಿದ್ದಿದೆ, ಮುಖ್ಯವಾಗಿ ಮೇಲಿನ ಟೆರೇಸ್‌ಗೋಸ್ಕರ. ಹಾಸ್ಟೆಲ್‌ನಲ್ಲಿ ಇರೋದು ಇದೇ ಮೊದಲು. ಒಬ್ಬರಿಗೆ ಸಣ್ಣ ಸದ್ದಿಗೂ ಎಚ್ಚರ ಆಗುತ್ತೆ, ಇಬ್ಬರೂ ಸಸ್ಯಾಹಾರಿಗಳು. ಡಾರ್ಮ್ (ಬೇರೆಯವರ ಜೊತೆ ಹಂಚಿಕೊಳ್ಳೋ ರೂಮಲ್ಲಿ ಒಂದೊಂದು ಹಾಸಿಗೆ) ತಗೊಳ್ಳೋದಾ, ಇಬ್ಬರ ರೂಮಾ? ಏನೇನು ಒಯ್ಯಬೇಕು?

ಕಲ್ಲುಚಪ್ಪಡಿ

ಜಾಗದ ಆಯ್ಕೆ ಸರಿಯಾಗಿದೆ. ಗಾರ್ ದ ಲೆಸ್ಟ್‌ನಿಂದ ಕನಾಲ್ ಸ್ಯಾಂ ಮಾರ್ತಾಂ ಕಾಲುವೆ ದಾಟಿಕೊಂಡು ಹೋದರೆ ಕಾಲ್ನಡಿಗೆಯಲ್ಲಿ ಸುಮಾರು ಕಾಲು ಗಂಟೆ. ಮೆಟ್ರೋ ಹತ್ತೋದೇ ಬೇಡ. ಹಳೆಯ ಆಫೀಸ್ ಕಟ್ಟಡವನ್ನು 2015ರಲ್ಲಿ ಹಾಸ್ಟೆಲ್ ಮಾಡಿದ್ದು, 900ರ ಆಸುಪಾಸು ಹಾಸಿಗೆ ಇವೆ. ಅಂದರೆ ಇದು ನಾಲ್ಕು ಜನ ಸೋಫಾ ಮೇಲೆ ಕೂತು ಹರಟೋ ಜಾಗ ಅಲ್ಲ, ಚೆಕ್-ಇನ್‌ಗೆ ಕ್ಯೂ ಇರೋ ಜಾಗ. ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮುಗಿಬೀಳ್ತಾರೆ. ಬೆಳಗ್ಗೆಯೇ ತಲುಪಿದರೆ ಲಗೇಜ್ ಇಟ್ಟು ಊರು ಸುತ್ತಿ ಸಂಜೆ ಬಂದು ಕೀ ತಗೊಳ್ಳಿ.

ಈಗ ಮುಖ್ಯ ವಿಷಯ. ಟೆರೇಸ್ ಇರೋ ಯಾವ ಹಾಸ್ಟೆಲ್‌ನಲ್ಲೇ ಆಗಲಿ ನಿದ್ದೆ ಹಾಳಾಗೋದು ಸಂಗೀತದಿಂದ ಅಲ್ಲ, ಕುರ್ಚಿ ಎಳೆಯೋ ಸದ್ದಿಂದ. ಲೋಹದ ಕಾಲಿನ ಕುರ್ಚಿಯನ್ನು ಕಾಂಕ್ರೀಟ್ ಮೇಲೆ ಎಳೆದರೆ ಸ್ಲ್ಯಾಬ್ ಮೂಲಕವೇ ಕೆಳಗಿನ ರೂಮಿಗೆ ಇಳಿಯುತ್ತೆ. ಇಯರ್‌ಪ್ಲಗ್ ಮಾತುಕತೆಯನ್ನು ತಡೆಯುತ್ತೆ, ಈ ಗುರ್ರ್ ಅನ್ನೋದನ್ನ ಅಷ್ಟಾಗಿ ತಡೆಯಲ್ಲ. ಡಿಸೈನ್ ಹಾಸ್ಟೆಲ್‌ಗಳಲ್ಲಿ ಫಾಲ್ಸ್ ಸೀಲಿಂಗ್ ಕಿತ್ತು ಪೈಪು, ಕಾಂಕ್ರೀಟ್ ಎಲ್ಲ ಕಾಣೋ ಹಾಗೆ ಬಿಡೋ ಫ್ಯಾಷನ್ ಇದೆಯಲ್ಲ, ಅದರಿಂದ ಸದ್ದು ಇನ್ನೂ ಮೊಳಗುತ್ತೆ. ಹಾಗಾಗಿ ಬುಕ್ ಮಾಡಿದ ಮೇಲೆ ಒಂದು ಸಾಲಿನ ಮೇಲ್ ಹಾಕಿ: ಟೆರೇಸಿಗೂ ಬಾರಿಗೂ ಕನಿಷ್ಠ ಎರಡು ಮಹಡಿ ದೂರ, ಲಿಫ್ಟ್ ಪಕ್ಕ ಬೇಡ, ರಸ್ತೆ ಕಡೆ ಕಿಟಕಿ ಬೇಡ. ಮೂರೂ ಸಿಗಲಿಕ್ಕಿಲ್ಲ, ಒಂದು ಸಿಕ್ಕರೂ ಲಾಭ.

ಡಾರ್ಮೋ ರೂಮೋ ಅನ್ನೋದಕ್ಕೆ ಹಾಸಿಗೆ ದರ ಮಾತ್ರ ನೋಡಬೇಡಿ. ಎರಡು ಹಾಸಿಗೆ, ಎರಡು ಟವೆಲ್ ಬಾಡಿಗೆ, ಬೀಗ ಕೊಳ್ಳೋ ಖರ್ಚು ಎಲ್ಲ ಕೂಡಿಸಿ, ಆಮೇಲೆ ಇಬ್ಬರ ರೂಮಿನ ದರದ ಪಕ್ಕ ಇಡಿ. ಶುಕ್ರವಾರ, ಶನಿವಾರಗಳಂದು ಡಾರ್ಮ್ ದರ ವಿಮಾನ ಟಿಕೆಟ್ ತರಹ ಏರುತ್ತೆ, ವ್ಯತ್ಯಾಸ ನೀವಂದುಕೊಂಡಷ್ಟು ಇರಲ್ಲ. ತೆಳು ನಿದ್ದೆಯವರು ಜೊತೆಗಿರೋವಾಗ ನನ್ನ ಮತ ರೂಮಿಗೇ. ಊರಿನ ಪ್ರವಾಸಿ ತೆರಿಗೆ ತಲೆಗೆ, ರಾತ್ರಿಗೆ ಇಷ್ಟು ಅಂತ ಬೇರೆ. ಎಷ್ಟೋ ಸಲ ಆನ್‌ಲೈನ್ ದರದಲ್ಲಿ ಸೇರಿರಲ್ಲ, ಕೌಂಟರ್‌ನಲ್ಲಿ ಕೇಳ್ತಾರೆ.

ಪಡುಬಿದ್ರಿ ಅಲೆ

ಡಾರ್ಮೇ ತಗೊಳ್ಳೋದಾದ್ರೆ ಕೇಳಿ ಮಾರಾಯ್ರೆ. ಮಹಿಳೆಯರ ಡಾರ್ಮ್ ಬೇರೆ ಇದ್ಯಾ ನೋಡಿ. ನಾಲ್ಕು ಹಾಸಿಗೆಯದ್ದು ಮೇಲು, ಎಂಟರದ್ದರಲ್ಲಿ ಎಂಟು ಅಲಾರಂ ಹೊಡೆಯುತ್ತೆ.

ಹಾಸಿಗೆ ಆರಿಸೋ ಅವಕಾಶ ಸಿಕ್ಕಿದ್ರೆ ಬಾಗಿಲಿನ ಪಕ್ಕದ್ದೂ ಬಾತ್‌ರೂಮ್ ಎದುರಿನದ್ದೂ ಬಿಡಿ. ಪ್ರತಿ ಸಲ ಬಾಗಿಲು ತೆರೆದಾಗ ಕಾರಿಡಾರ್ ಲೈಟು ನೇರ ಮುಖಕ್ಕೆ. ಕೆಳಗಿನ ಹಾಸಿಗೆಗೆ ದೊಡ್ಡ ದುಪಟ್ಟಾ ಒಂದು ಸಿಕ್ಕಿಸಿದ್ರೆ ಪರದೆ ಆಯ್ತು. ಮೇಲಿನದ್ದಕ್ಕೆ ಏಣಿ ಹತ್ತಬೇಕು, ಅದರ ಮೆಟ್ಟಿಲು ದುಂಡು ಕಬ್ಬಿಣದ್ದಾದ್ರೆ ಬರಿಗಾಲಿಗೆ ಒತ್ತುತ್ತೆ.

ಬೀಗ: ಮನೆ ಬಾಗಿಲಿಗೆ ಹಾಕೋ ನವ್‌ತಾಲ್ ತರಹದ್ದು ತರಬೇಡಿ, ಲಾಕರ್ ಕೊಂಡಿಯ ತೂತಿಗೆ ತೂರಲ್ಲ. ಕಂಬಿ 5 ಮಿಲಿಮೀಟರ್ ದಪ್ಪದ ಸಣ್ಣ ನಂಬರ್ ಲಾಕ್ ಸಾಕು. ತೀರಾ ಪುಟ್ಟ ಸೂಟ್‌ಕೇಸ್ ಬೀಗವೂ ಬೇಡ, ಅದರ ಕಂಬಿ ಗಿಡ್ಡ, ಆ ಕಡೆ ತಲುಪಲ್ಲ.

ಶವರು ಎಷ್ಟೋ ಹಾಸ್ಟೆಲ್‌ಗಳಲ್ಲಿ ಒತ್ತೋ ಬಟನ್ನು. ಅರ್ಧ ನಿಮಿಷದೊಳಗೆ ನಿಂತು ಹೋಗುತ್ತೆ, ತಲೆಗೆ ಶಾಂಪೂ ಹಚ್ಕೊಂಡು ಗೋಡೆ ತಡವ್ತಾ ಇರಬೇಕು. ಆಮೇಲೆ ಈ ಡಿಸೈನ್ ಮಾಡಿದವರು ಬಣ್ಣದ ಟೈಲು, ನಿಯಾನ್ ಬೋರ್ಡು ಎಲ್ಲ ಹಾಕಿರ್ತಾರೆ, ಬಟ್ಟೆ ತೂಗುಹಾಕೋ ಕೊಕ್ಕೆ ಮಾತ್ರ ಮರೆತಿರ್ತಾರೆ! ಎಸ್ ಆಕಾರದ ಕೊಕ್ಕೆ ಎರಡು ಇಟ್ಕೊಳ್ಳಿ, ಬಾಗಿಲ ಮೇಲೆ ಸಿಕ್ಕಿಸಿದ್ರೆ ಒಣಗಿದ ಬಟ್ಟೆ ಒಣಗಿದ್ದೇ ಇರುತ್ತೆ. ಹವಾಯಿ ಚಪ್ಪಲಿ ಹೇಳ್ಬೇಕಾ? ಜರ್ಮನಿ ಚಾರ್ಜರ್ ಫ್ರಾನ್ಸಿನ ಸಾಕೆಟ್‌ಗೆ ಹಾಗೇ ಕೂರುತ್ತೆ, ಊರಿಂದ ತಂದ ಮೂರು ಪಿನ್ನಿನದ್ದಕ್ಕೆ ಅಡಾಪ್ಟರ್ ಬೇಕು.

ತಿಂಡಿಪೋತ_ಮಲ್ಲೇಶ್ವರ

ಊಟದ ಬಗ್ಗೆ ಯಾರೂ ಹೇಳಿಲ್ಲ. ಸೈಟಿನಲ್ಲಿ ‘ಅತಿಥಿಗಳಿಗೆ ಅಡುಗೆಮನೆ’ ಅಂತ ಸ್ಪಷ್ಟವಾಗಿ ಬರೆದಿದೆಯಾ ನೋಡಿ. ಈ ಶೈಲಿಯ ದೊಡ್ಡ ಹಾಸ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ಇರಲ್ಲ, ಅವರ ವ್ಯಾಪಾರವೇ ಕೆಫೆ, ಬಾರಿನದ್ದು. ರೈಸ್ ಕುಕ್ಕರ್ ಬ್ಯಾಗಲ್ಲಿಟ್ಟು ರೂಮಲ್ಲಿ ಉಪ್ಪಿಟ್ಟು ಮಾಡೋ ಐಡಿಯಾ ಬಿಟ್ಬಿಡಿ. ಒಗ್ಗರಣೆ ಹೊಗೆಗೆ ಅಲಾರಂ ಹೊಡೆದರೆ ಇಡೀ ಮಹಡಿ ಬೀದಿಗೆ ಬರುತ್ತೆ. ಊದುಬತ್ತಿಗೂ ಅದೇ ಗತಿ. ಬಿಸಿನೀರು ಹುಯ್ದು ಹತ್ತು ನಿಮಿಷ ಮುಚ್ಚಿಟ್ಟರೆ ಆಗೋ ಅವಲಕ್ಕಿ ಮಿಕ್ಸ್ ತರಹದ್ದಾದ್ರೆ ತನ್ನಿ, ಜೊತೆಗೊಂದು ಮುಚ್ಚಳದ ಸ್ಟೀಲ್ ಡಬ್ಬಿ.

ಆದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಕೊಲೊನೆಲ್ ಫಾಬಿಯಾಂನಿಂದ ಮೆಟ್ರೋ 2ನೇ ಲೈನಿನಲ್ಲಿ ಮೂರನೇ ಸ್ಟಾಪು ಲಾ ಶಾಪೆಲ್: ಜೊರೆಸ್, ಸ್ತಾಲಿನ್‌ಗ್ರಾದ್, ಆಮೇಲೆ ಅದೇ. ಶ್ರೀಲಂಕಾ ತಮಿಳರು ಕಟ್ಟಿಕೊಂಡ ಬೀದಿಗಳು. ರ‍್ಯೂ ಕಾಯ್, ಫೊಬೂರ್ ಸ್ಯಾಂ ದೆನಿ ಕಡೆ ನಡೆದರೆ ಇಡ್ಲಿ, ದೋಸೆ, ಕರಿಬೇವು, ನುಗ್ಗೆಕಾಯಿ ಎಲ್ಲ ಸಿಗುತ್ತೆ. ಅಪ್ಪಟ ಸಸ್ಯಾಹಾರಿ ಹೋಟೆಲುಗಳೂ ಇವೆ. ಮಾಮೂಲಿ ಹೋಟೆಲಿಗೆ ಹೋದರೆ ಸಾಂಬಾರ್ ಯಾವ ಪಾತ್ರೆಯದ್ದು ಅಂತ ಕೇಳೋದು ವಾಸಿ.

ಕಲ್ಲುಚಪ್ಪಡಿ

ಲಾ ಶಾಪೆಲ್ ಅಂದಾಗ ನೆನಪಾಯ್ತು. ಅಲ್ಲೇ ಆಲ್ ಪಜೋಲ್ ಅನ್ನೋ ಕಟ್ಟಡದಲ್ಲಿ ಈವ್ ರೊಬೇರ್ ಅನ್ನೋ ಯೂತ್ ಹಾಸ್ಟೆಲ್ ಇದೆ. ಹಳೆಯ ರೈಲ್ವೆ ಸರಕು ಶೆಡ್ಡಿನ ಕಬ್ಬಿಣದ ಚೌಕಟ್ಟನ್ನು ಹಾಗೇ ಉಳಿಸಿ, ಒಳಗೆ ಮರದ ಕಟ್ಟಡ ಕೂರಿಸಿದ್ದು. ಛಾವಣಿ ತುಂಬ ಸೋಲಾರ್ ಫಲಕ, ಹಾಗಾಗಿ ಮೇಲೆ ಕೂರೋ ಟೆರೇಸ್ ಇಲ್ಲ, ಕೆಳಗೆ ತೋಟ ಇದೆ. ಡಿಸೈನೇ ಮುಖ್ಯ, ನಿದ್ದೆಯೂ ಬೇಕು ಅನ್ನೋರು ಅದನ್ನೂ ಒಮ್ಮೆ ನೋಡಿ.

ಹೇಮಾವತಿ_ದಂಡೆ

ಇಬ್ಬರ ರೂಮೇ ನೋಡ್ತೀವಿ. ಟೆರೇಸ್‌ಗೆ ಎಷ್ಟು ಹೊತ್ತಿಗೆ ಹೋಗ್ಬೇಕು? ಸಾಕ್ರೆ ಕೇರ್ ಚರ್ಚಿನ ಗುಮ್ಮಟದ ಹಿಂದೆ ಸೂರ್ಯ ಮುಳುಗೋ ಫೋಟೋ ತೆಗೀಬೇಕು ಅಂತ ಆಸೆ. ತಿಗಣೆ ಭಯವೂ ಇದೆ.

ಉತ್ತರಾಯಣ

ಆ ಫೋಟೋ ಸೆಪ್ಟೆಂಬರ್‌ನಲ್ಲಿ ಸಿಗಲ್ಲ. ಅಲ್ಲಿಂದ ಆ ಚರ್ಚಿರೋ ಮೊಂಮಾರ್ತ್ ಬೆಟ್ಟ ವಾಯವ್ಯಕ್ಕಿದೆ, ನಿಮ್ಮ ವಾರಾಂತ್ಯದಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರ ಪಶ್ಚಿಮಕ್ಕೆ ಮುಳುಗ್ತಾನೆ, ಅಂದರೆ ಗುಮ್ಮಟದಿಂದ ಸಾಕಷ್ಟು ಎಡಕ್ಕೆ. ಗುಮ್ಮಟದ ಬೆನ್ನಿಗೇ ಇಳಿಯೋದು ಮೇ ಮೊದಲ ಭಾಗ ಮತ್ತು ಆಗಸ್ಟ್ ಆರಂಭದ ಆಸುಪಾಸು. ನಿಮಗೆ ಸಿಗೋದು ಎಡಗಡೆಯ ಬೆಳಕು ಬಿದ್ದ ಗುಮ್ಮಟ, ಅದೇನೂ ಕಮ್ಮಿಯಲ್ಲ. ಸೂರ್ಯಾಸ್ತ ಸುಮಾರು ಸಂಜೆ 7.55ಕ್ಕೆ, 7.15ಕ್ಕೆ ಮೇಲಿರಿ. ಮಳೆ, ಗಾಳಿ, ಖಾಸಗಿ ಪಾರ್ಟಿ, ಯಾವ ನೆಪಕ್ಕೂ ಟೆರೇಸ್ ಮುಚ್ಚಬಹುದು. ಮೂರೂ ದಿನ ಬಿಟ್ಟು ಕೊನೇ ಸಂಜೆಗೆ ಇಟ್ಕೊಳ್ಳಬೇಡಿ, ಮೊದಲ ದಿನವೇ ಹತ್ತಿ. ಹೊರಗಿನ ಬಾಟಲಿ ಸಾಮಾನ್ಯವಾಗಿ ಬಿಡಲ್ಲ.

ತಿಗಣೆ: ರೂಮಿಗೆ ಹೋದ ಕೂಡಲೇ ಬ್ಯಾಗನ್ನು ಬಾತ್‌ರೂಮಿನ ಟೈಲ್ಸ್ ಮೇಲಿಡಿ, ಹಾಸಿಗೆ ಮೇಲೆ ಎಸೀಬೇಡಿ. ಹೊದಿಕೆ ಎತ್ತಿ ಹಾಸಿಗೆಯ ನಾಲ್ಕು ಮೂಲೆಯ ಹೊಲಿಗೆ, ಮಂಚದ ಸ್ಕ್ರೂ ತೂತು, ತಲೆದೆಸೆಯ ಹಲಗೆ ಹಿಂದೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಪೆನ್ನಿನ ಮೊನೆ ಒತ್ತಿದ ಹಾಗೆ ಕಪ್ಪು ಚುಕ್ಕೆ ಗುಂಪಾಗಿದ್ದರೆ ಅದೇ ಗುರುತು. ಫೋಟೋ ತೆಗೆದು ಆಗಲೇ ರೂಮ್ ಬದಲಿಸಿ ಅನ್ನಿ. ಪಕ್ಕದ್ದು, ಮೇಲಿನದ್ದು, ಕೆಳಗಿನದ್ದು ಕೊಟ್ಟರೆ ಬೇಡ ಅನ್ನಿ, ತಿಗಣೆಗಳು ಗೋಡೆ ಸಂದಿಯಲ್ಲೇ ದಾಟುತ್ತವೆ. ವಾಪಸ್ ಹೋದ ಮೇಲೆ ಬಟ್ಟೆ 60 ಡಿಗ್ರಿಯಲ್ಲಿ ಒಗೀಬೇಕು.

ಇನ್ನೊಂದು: ಹಾಸ್ಟೆಲ್ ಎದುರಿಗಿರೋ ಬಳುಕಿದ ಗಾಜಿನ ಕಟ್ಟಡ, ನೆಲದಿಂದ ಉಬ್ಬಿ ಬಂದಿರೋ ಬಿಳಿ ಗುಮ್ಮಟ ಫ್ರೆಂಚ್ ಕಮ್ಯುನಿಸ್ಟ್ ಪಕ್ಷದ ಕಚೇರಿ. ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾದ ಕಟ್ಟಡಗಳನ್ನು ಮಾಡಿದ ವಾಸ್ತುಶಿಲ್ಪಿ ಆಸ್ಕರ್ ನೀಮೆಯರ್ ವಿನ್ಯಾಸ. ನೀವು ಹೋಗ್ತಿರೋದು ಸರಿಯಾಗಿ ಫ್ರಾನ್ಸಿನ ಪರಂಪರೆ ದಿನಗಳ ವಾರಾಂತ್ಯ, ಬೇರೆ ದಿನ ಮುಚ್ಚಿರೋ ಎಷ್ಟೋ ಕಟ್ಟಡಗಳನ್ನ ಆಗ ತೆಗೀತಾರೆ. ಇದೂ ಆ ಪಟ್ಟಿಯಲ್ಲಿದೆಯಾ ಅಂತ ಹಿಂದಿನ ವಾರ ನೋಡಿ. ಇದ್ದರೆ ಭಾನುವಾರ ಬೆಳಗ್ಗೆ ತಿಂಡಿಗೂ ಮುಂಚೆ ಹೋಗಿ ಕ್ಯೂ ನಿಲ್ಲಿ.